ಬಸವಣ್ಣನ ಪ್ರತಿಮೆ ನೋಡಿದ ಮೇಲೆ ಈ ಸಮಾಧಿಯನ್ನೂ ನೋಡಿ: ಲಂಡನ್ನಿಗೆ ಬರುವ ಕನ್ನಡಿಗರಿಗೊಂದು ಬಹಿರಂಗ ಪತ್ರ

ಲಂಡನ್ನಿನಲ್ಲಿ ನೆಲೆಸಿರುವ, ಲಂಡನ್ನಿಗೆ ಬಂದು ಹೋಗುವ ಕನ್ನಡಿಗರಿಗೆ, ಇಲ್ಲಿನ ಕನ್ನಡ ಸಂಘಗಳವರಿಗೆ,

ನಮಸ್ಕಾರ.

ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಪ್ರದೇಶದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಅದರ ಅನಾವರಣ ಆಯಿತು. ಅಂದಿನಿಂದ ಲಂಡನ್ನಿಗೆ ಬಂದ ಕನ್ನಡಿಗರಲ್ಲಿ ಅಲ್ಲಿಗೆ ಹೋಗದವರು ಕಡಿಮೆ. ಊರಿನಿಂದ ಅಪ್ಪ ಅಮ್ಮ ಬಂದರೆ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇವೆ. ಹೂವಿಟ್ಟು ಕೈ ಮುಗಿಯುತ್ತೇವೆ, ಪಾರ್ಲಿಮೆಂಟ್ ಕಡೆ ನೋಡುತ್ತಾ ಫೋಟೊ ತೆಗೆಸಿಕೊಳ್ಳುತ್ತೇವೆ. ಆಮೇಲೆ ಟವರ್ ಬ್ರಿಡ್ಜ್‌ಗೆ ಟ್ಯಾಕ್ಸಿ ಹಿಡಿಯುತ್ತೇವೆ.

ಆ ಟ್ಯಾಕ್ಸಿ ಹಿಡಿಯುವ ಮುಂಚೆ ಸ್ವಲ್ಪ ನಡೆಯಿರಿ. ಇಷ್ಟೇ ನನ್ನ ಬೇಡಿಕೆ. ನದಿಯನ್ನು ಎಡಗಡೆಗೆ ಇಟ್ಟುಕೊಂಡು ಲ್ಯಾಂಬೆತ್ ಸೇತುವೆಯ ಕಡೆ ಹೊರಟರೆ ಕೆಲವೇ ನಿಮಿಷದ ದಾರಿ. ಕೆಂಪು ಇಟ್ಟಿಗೆಯ ದೊಡ್ಡ ಹೆಬ್ಬಾಗಿಲೊಂದು ಕಾಣುತ್ತದೆ. ಅದು ಇಂಗ್ಲೆಂಡಿನ ಚರ್ಚಿನ ಹಿರಿಯ ಗುರುಗಳಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಅರಮನೆ. ಅದಕ್ಕೆ ಅಂಟಿಕೊಂಡ ಹಾಗೆ ಹಳೆಯ ಕಲ್ಲಿನ ಗೋಪುರದ ಒಂದು ಚರ್ಚ್ ಇದೆ. ಅದೇ ಸೇಂಟ್ ಮೇರಿ ಚರ್ಚ್. ಈಗ ಅಲ್ಲಿ ಪೂಜೆ ನಡೆಯುವುದಿಲ್ಲ, ಗಾರ್ಡನ್ ಮ್ಯೂಸಿಯಂ ನಡೆಯುತ್ತದೆ. ಆ ಚರ್ಚಿನ ಅಂಗಳದಲ್ಲಿ ಎದೆಮಟ್ಟದ ಒಂದು ಕಲ್ಲಿನ ಸಮಾಧಿ ಇದೆ. ನಾಲ್ಕೂ ಮೈಗೆ ಕೆತ್ತನೆ. ಟ್ರೆಡೆಸ್ಕಂಟ್ ಕುಟುಂಬದ ಸಮಾಧಿ ಅದು.

ಮಾಮೂಲಿ ಸಮಾಧಿಗಳ ಮೇಲೆ ಇರುವಂಥ ಚಿತ್ರಗಳು ಇದರ ಮೇಲಿಲ್ಲ. ನಾಲ್ಕು ಮೂಲೆಗಳಲ್ಲಿ ನಾಲ್ಕು ಮರಗಳು, ಕಂಬಗಳ ಜಾಗದಲ್ಲಿ ನಿಂತಿವೆ. ಒಂದು ಉದ್ದನೆಯ ಮೈಯಲ್ಲಿ ಒಂದು ಮೊಸಳೆ, ಅದರ ಸುತ್ತ ಶಂಖ ಚಿಪ್ಪುಗಳು, ಹಿಂದೆ ಈಜಿಪ್ಟ್ ಕಡೆಯದು ಅನ್ನಿಸುವ ಕಟ್ಟಡಗಳು. ಇನ್ನೊಂದು ಮೈಯಲ್ಲಿ ಮುರಿದು ಬಿದ್ದ ಕಂಬಗಳು, ಅವುಗಳ ಎಲೆ ಕೆತ್ತನೆಯ ತಲೆಗಳು, ಹಾಳು ಬಿದ್ದ ಊರು. ಒಂದು ತುದಿಯಲ್ಲಿ ಕುಟುಂಬದ ಲಾಂಛನ. ಇನ್ನೊಂದು ತುದಿಯಲ್ಲಿ ಹಲವು ತಲೆಯ ಹಾವು, ಅದರ ಕೆಳಗೆ ಒಂದು ತಲೆಬುರುಡೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದರೆ ಮೊಸಳೆಯ ಹತ್ತಿರ ನಿಲ್ಲಿಸಿ. ಆಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದು ನಿಮಗೇ ಕಷ್ಟ ಆಗುತ್ತದೆ.

ಇಷ್ಟೆಲ್ಲ ಕೆತ್ತಿಸಿಕೊಂಡವರು ರಾಜರಲ್ಲ, ಸೇನಾಪತಿಗಳಲ್ಲ. ತೋಟದ ಕೆಲಸದವರು. ನನಗೆ ಈ ಕಲ್ಲಿನ ಮೇಲೆ ಇಷ್ಟು ಪ್ರೀತಿ ಬಂದಿದ್ದೇ ಆ ಕಾರಣಕ್ಕೆ.

ಒಳಗೆ ಮಲಗಿರುವವರು ಮೂರು ತಲೆಮಾರಿನ ಮೂವರು, ಮೂವರ ಹೆಸರೂ ಜಾನ್. ಹಿರಿಯ ಜಾನ್ ಟ್ರೆಡೆಸ್ಕಂಟ್ ದೊಡ್ಡ ಮನೆತನಗಳ ತೋಟ ನೋಡಿಕೊಳ್ಳುತ್ತಿದ್ದವನು. ಹ್ಯಾಟ್‌ಫೀಲ್ಡ್‌ನಲ್ಲಿ ರಾಬರ್ಟ್ ಸೆಸಿಲ್ ಅವರ ತೋಟಕ್ಕಾಗಿ 1611ರಲ್ಲಿ ಹಾಲೆಂಡ್ ಕಡೆಯಿಂದ ಗಿಡ ಮರಗಳನ್ನು ಕೊಂಡು ತಂದ. 1618ರಲ್ಲಿ ರಷ್ಯಾದ ಉತ್ತರ ತುದಿಯ ಆರ್ಕೇಂಜಲ್‌ಗೆ ಹೋದ. ಅದಾದ ಸ್ವಲ್ಪ ದಿನಕ್ಕೆ ಕಡಲ್ಗಳ್ಳರ ಮೇಲೆ ಹೊರಟ ಹಡಗುಗಳ ಜೊತೆ ಅಲ್ಜೀರಿಯಾ ಕಡೆ ಹೋದ. ಯುದ್ಧಕ್ಕೆ ಹೊರಟ ಹಡಗಿನಲ್ಲೂ ಅವನ ಕಣ್ಣು ಗಿಡಗಳ ಮೇಲೆ. ಕೊನೆಗೆ ಒಂದನೇ ಚಾರ್ಲ್ಸ್ ದೊರೆಯ ಓಟ್‌ಲ್ಯಾಂಡ್ಸ್ ಅರಮನೆಯ ತೋಟ ಅವನ ಕೈಗೆ ಬಂತು. 1638ರಲ್ಲಿ ತೀರಿಕೊಂಡ. ಅದೇ ಕೆಲಸ ಮಗನಿಗೆ ಬಂತು. ಮಗ 1637ರಲ್ಲಿ ಅಟ್ಲಾಂಟಿಕ್ ದಾಟಿ ವರ್ಜೀನಿಯಾಕ್ಕೆ ಹೋಗಿದ್ದವನು. ಟ್ಯುಲಿಪ್ ಮರ, ನೀರಿನಲ್ಲಿ ಬೇರು ಬಿಡುವ ಸೈಪ್ರೆಸ್, ಇವತ್ತು ಇಂಗ್ಲೆಂಡಿನ ಗೋಡೆಗಳಿಗೆ ಹಬ್ಬಿ ಚಳಿಗಾಲಕ್ಕೆ ಮುಂಚೆ ಕೆಂಪಾಗುವ ವರ್ಜೀನಿಯಾ ಬಳ್ಳಿ, ಇವುಗಳ ಜೊತೆಗೆಲ್ಲ ಈ ಅಪ್ಪ ಮಗನ ಹೆಸರು ಸೇರಿಕೊಂಡಿದೆ.

ಮೂರನೆಯ ಜಾನ್ 1652ರಲ್ಲಿ, 19ನೇ ವಯಸ್ಸಿಗೇ ಹೋಗಿಬಿಟ್ಟ. ಸಮಾಧಿಯ ಮೇಲಿನ ಹಾಸುಗಲ್ಲಿನ ಪದ್ಯ ಅವನ ಬಗ್ಗೆ ಹೇಳುವುದು ಒಂದೇ ಮಾತು. ತನ್ನ ವಸಂತದಲ್ಲೇ ಹೋದ ಅಂತ. ಅದೇ ಪದ್ಯ ಮುಂದೆ ಹೇಳುತ್ತದೆ: ರಾಣಿಯ ತೋಟಗಾರರಾಗಿದ್ದ ಉಳಿದಿಬ್ಬರು, ಈಗ ತಾವೇ ಇಲ್ಲಿ ನಾಟಿಯಾಗಿ ಮಲಗಿದ್ದಾರೆ. ತೋಟಗಾರನ ಸಮಾಧಿಗೆ ಇದಕ್ಕಿಂತ ಒಪ್ಪುವ ಮಾತು ನಾನು ಬೇರೆಲ್ಲೂ ಓದಿಲ್ಲ.

ಕಲ್ಲಿನ ಮೇಲೆ ಮೊಸಳೆ ಮತ್ತು ಚಿಪ್ಪುಗಳು ಯಾಕಿವೆ? ಅಪ್ಪ ಮಗ ಇಬ್ಬರೂ ಗಿಡಗಳಷ್ಟೇ ಅಲ್ಲ, ಕಂಡ ಕಂಡ ಅಪರೂಪದ ವಸ್ತುಗಳನ್ನೆಲ್ಲ ಕೂಡಿಸುತ್ತಿದ್ದರು. ನಾವಿಕರು, ವ್ಯಾಪಾರಿಗಳು, ರಾಯಭಾರಿಗಳು ತಂದುಕೊಟ್ಟಿದ್ದು ಬೇರೆ. ಚಿಪ್ಪು, ನಾಣ್ಯ, ಹಕ್ಕಿ, ಆಯುಧ, ಉಡುಪು. ದಕ್ಷಿಣ ಲ್ಯಾಂಬೆತ್‌ನ ಅವರ ಮನೆಗೆ ಜನ 'ಆರ್ಕ್', ಅಂದರೆ ಬೈಬಲ್ಲಿನ ನೋಹನ ಹಡಗು, ಅಂತ ಹೆಸರಿಟ್ಟರು. ಆರು ಪೆನ್ನಿ ಕೊಟ್ಟರೆ ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದಿತ್ತು. ದೊರೆಗಳು ತಮ್ಮ ಸಂಗ್ರಹವನ್ನು ಬೀಗ ಹಾಕಿ ಇಟ್ಟುಕೊಂಡು ತಮ್ಮಂಥವರಿಗೆ ಮಾತ್ರ ತೋರಿಸುತ್ತಿದ್ದ ಕಾಲ ಅದು. ಅಂಥಾದ್ದರಲ್ಲಿ ಒಬ್ಬ ತೋಟಗಾರ ತನ್ನ ಮನೆ ಬಾಗಿಲನ್ನು ಎಲ್ಲರಿಗೂ ತೆರೆದ. 1656ರಲ್ಲಿ ಮಗ ಜಾನ್ ಆ ಸಂಗ್ರಹದ ಪಟ್ಟಿಯನ್ನು ಅಚ್ಚು ಹಾಕಿಸಿದ. ಇಂಗ್ಲೆಂಡಿನಲ್ಲಿ ಅಚ್ಚಾದ ಮೊದಲ ಮ್ಯೂಸಿಯಂ ಪಟ್ಟಿ ಅದೇ. ಆ ಪಟ್ಟಿಯಲ್ಲಿ, ಈಗ ಭೂಮಿಯಿಂದಲೇ ಅಳಿದುಹೋಗಿರುವ ಡೋಡೋ ಹಕ್ಕಿಯೂ ಒಂದು ಇತ್ತು. ಅದರ ತಲೆ ಮತ್ತು ಒಂದು ಪಾದ ಇವತ್ತಿಗೂ ಆಕ್ಸ್‌ಫರ್ಡ್‌ನಲ್ಲಿವೆ.

ಈಗ ನಾನು ನಿಜವಾಗಿ ಹೇಳಬೇಕಾದ ಹೆಸರಿಗೆ ಬರುತ್ತೇನೆ. ಹೆಸ್ಟರ್.

ಮಗ ಜಾನ್‌ನ ಎರಡನೇ ಹೆಂಡತಿ ಹೆಸ್ಟರ್. 1638ರಲ್ಲಿ ಮದುವೆಯಾಗಿ ಆ ಮನೆಗೆ ಬಂದಳು. ಗಂಡ ಇಲ್ಲದಾಗ ಆ ಮನೆ, ಆ ಸಂಗ್ರಹ, ಬಂದು ಹೋಗುವ ಜನ, ಎಲ್ಲದರ ಹೊಣೆ ಅವಳದ್ದು. ಗಂಡ 1662ರ ಏಪ್ರಿಲ್‌ನಲ್ಲಿ ತೀರಿಕೊಂಡ. ಅದೇ ವರ್ಷ ಈ ಸಮಾಧಿಯನ್ನು ಕಟ್ಟಿಸಿದ್ದು ಅವಳೇ. ಮೊಸಳೆ, ಮುರಿದ ಕಂಬ, ನಾಲ್ಕು ಮರ, ಇದೆಲ್ಲ ಒಬ್ಬ ವಿಧವೆ ದುಡ್ಡು ಕೊಟ್ಟು ಮಾಡಿಸಿದ ಕೆಲಸ. ಮೂರು ಜಾನ್‌ಗಳ ಹೆಸರು ಹೇಳುವವರು ಜಾಸ್ತಿ, ಹೆಸ್ಟರ್ ಹೆಸರು ಹೇಳುವವರು ಕಡಿಮೆ. ಇದು ನನಗೆ ಸರಿ ಕಾಣುವುದಿಲ್ಲ.

ಅವಳ ಮುಂದಿನ ಕಥೆ ಇನ್ನೂ ಸಂಕಟದ್ದು. ಎಲಿಯಾಸ್ ಆಶ್ಮೋಲ್ ಎಂಬ ವಿದ್ವಾಂಸ, ವಕೀಲ, ಈ ಕುಟುಂಬಕ್ಕೆ ಹತ್ತಿರದವನಾಗಿದ್ದ. ಸಂಗ್ರಹದ ಪಟ್ಟಿ ಮಾಡಲು, ಅಚ್ಚು ಹಾಕಿಸಲು ನೆರವಾಗಿದ್ದ. ಇಡೀ ಸಂಗ್ರಹವನ್ನು ಅವನಿಗೆ ಕೊಡುವ ದಾನಪತ್ರವೊಂದಕ್ಕೆ 1659ರಲ್ಲಿ ಸಹಿ ಬಿತ್ತು. ಆದರೆ ಗಂಡ ಆಮೇಲೆ ಬರೆದ ಉಯಿಲಿನಲ್ಲಿ ಸಂಗ್ರಹ ಹೆಸ್ಟರ್‌ಗೆ ಸೇರಬೇಕು, ಅವಳ ನಂತರ ಅವಳಿಗೆ ಇಷ್ಟ ಬಂದ ಹಾಗೆ ಆಕ್ಸ್‌ಫರ್ಡ್‌ಗೋ ಕೇಂಬ್ರಿಡ್ಜ್‌ಗೋ ಹೋಗಬೇಕು ಅಂತ ಇತ್ತು. ಆಶ್ಮೋಲ್ ಕೋರ್ಟಿಗೆ ಹೋದ. 1664ರಲ್ಲಿ ತೀರ್ಪು ಅವನ ಕಡೆ ಬಂತು. ಬದುಕಿರುವ ತನಕ ಹೆಸ್ಟರ್ ವಸ್ತುಗಳನ್ನು ಇಟ್ಟುಕೊಳ್ಳಬಹುದು, ಆದರೆ ಅವನ ಪರವಾಗಿ ಕಾಯುವವಳಾಗಿ ಮಾತ್ರ. 1674ರಲ್ಲಿ ಆಶ್ಮೋಲ್ ಪಕ್ಕದ ಮನೆಗೇ ಬಂದು ಸೇರಿದ. 1678ರ ಏಪ್ರಿಲ್‌ನಲ್ಲಿ ಹೆಸ್ಟರ್ ತನ್ನ ಮನೆಯ ಕೊಳದಲ್ಲಿ ಮುಳುಗಿ ಸತ್ತಿದ್ದು ಕಂಡಿತು. ಅವಳನ್ನೂ ಇದೇ ಸಮಾಧಿಯಲ್ಲಿ ಮಣ್ಣು ಮಾಡಿದರು.

ಸಂಗ್ರಹ ಆಕ್ಸ್‌ಫರ್ಡ್‌ಗೆ ಹೋಯಿತು. 1683ರಲ್ಲಿ ಮ್ಯೂಸಿಯಂ ತೆರೆಯಿತು. ಅದರ ಹೆಸರು ಆಶ್ಮೋಲಿಯನ್. ಕೋರ್ಟಿನ ತೀರ್ಪು ಏನೇ ಇರಲಿ, ನನ್ನ ಮನಸ್ಸು ಹೆಸ್ಟರ್ ಕಡೆಗೇ ಇದೆ. ಎರಡು ತಲೆಮಾರು ಕೂಡಿಸಿದ್ದು ಒಬ್ಬರು, ಹೆಸರು ಇನ್ನೊಬ್ಬರದ್ದು. ಆಶ್ಮೋಲ್ ಆ ಸಂಗ್ರಹವನ್ನು ಚೆದುರಿ ಹೋಗಲು ಬಿಡದೆ ಒಂದು ವಿಶ್ವವಿದ್ಯಾಲಯಕ್ಕೆ ತಲುಪಿಸಿದ, ಆ ಉಪಕಾರವನ್ನು ಮರೆಯಬಾರದು, ನಿಜ. ಆದರೂ ಟ್ರೆಡೆಸ್ಕಂಟ್ ಹೆಸರಿನಲ್ಲಿ ಇವತ್ತು ದಕ್ಷಿಣ ಲ್ಯಾಂಬೆತ್‌ನಲ್ಲಿ ಒಂದು ರಸ್ತೆ ಇದೆ, ಇಲ್ಲಿ ಈ ಕಲ್ಲು ಇದೆ. ಹೆಸ್ಟರ್ ಅವತ್ತು ಈ ಕಲ್ಲನ್ನು ನಿಲ್ಲಿಸದೇ ಇದ್ದಿದ್ದರೆ ಇದೂ ಇರುತ್ತಿರಲಿಲ್ಲ. ಆಶ್ಮೋಲ್ ಕೂಡ ದೂರ ಏನಿಲ್ಲ. 1692ರಲ್ಲಿ ತೀರಿಕೊಂಡ ಅವನನ್ನು ಇದೇ ಚರ್ಚಿನ ಒಳಗೆ ಮಣ್ಣು ಮಾಡಿದ್ದಾರೆ. ಒಳಗೆ ಅವನು, ಹೊರಗೆ ಹೆಸ್ಟರ್. ಎರಡೂ ಕಡೆ ನಿಂತು ನೋಡಿ ಬನ್ನಿ.

ನೀವು ನೋಡುವ ಕಲ್ಲು 1662ರದ್ದೇ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಲಂಡನ್ನಿನ ಮಳೆ, ಚಳಿ, ಮೇಲಿಂದ ಕಲ್ಲಿದ್ದಲ ಹೊಗೆ. ಬಯಲಿನಲ್ಲಿ ನಿಂತ ಕೆತ್ತನೆ ಕಲ್ಲನ್ನು ಇವು ಮೂರೂ ಸೇರಿ ತಿಂದುಹಾಕುತ್ತವೆ. ಹೊಗೆಯಲ್ಲಿನ ಗಂಧಕ ಮಳೆನೀರಿನ ಜೊತೆ ಸೇರಿ ಕಲ್ಲಿನ ಮೇಲ್ಮೈಯನ್ನು ಸಡಿಲ ಮಾಡುತ್ತದೆ, ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಚಕ್ಕೆ ಎಬ್ಬಿಸುತ್ತದೆ. 1773ರಲ್ಲಿ ಒಮ್ಮೆ ರಿಪೇರಿ ಆಯಿತು. 1853ರ ಹೊತ್ತಿಗೆ ಹಳೆಯದನ್ನು ಉಳಿಸಿಕೊಳ್ಳುವ ಹಾಗೇ ಇರಲಿಲ್ಲ, ಜನರಿಂದ ಚಂದಾ ಎತ್ತಿ ಹೊಸದಾಗಿ ಕೆತ್ತಿಸಿದರು. ಅಳಿಸಿಹೋದ ಮೊಸಳೆಯನ್ನು ಮತ್ತೆ ಹೇಗೆ ಕೆತ್ತಿದರು? ಕೇಂಬ್ರಿಡ್ಜ್‌ನ ಮಾಡ್ಲಿನ್ ಕಾಲೇಜಿನಲ್ಲಿ, ದಿನಚರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಬಿಟ್ಟುಹೋದ ಗ್ರಂಥಾಲಯದಲ್ಲಿ ಈ ಸಮಾಧಿಯ ಹಳೆಯ ಚಿತ್ರಗಳು ಇದ್ದವು. ಯಾರೋ ಒಬ್ಬರು ಕೂತು ನಾಲ್ಕೂ ಮೈಯನ್ನು ಸರಿಯಾಗಿ ಬರೆದಿಟ್ಟಿದ್ದರು, ಇನ್ನೊಬ್ಬರು ಅದನ್ನು ಜೋಪಾನ ಮಾಡಿದ್ದರು. ಅದರಿಂದಾಗಿ ಕೆತ್ತನೆ ಉಳಿಯಿತು.

ಕಲ್ಲು ಉಳಿದರೂ ಅವರ ತೋಟ ಉಳಿಯಲಿಲ್ಲ. 1749ರಲ್ಲಿ ವಿಲಿಯಂ ವಾಟ್ಸನ್ ಎಂಬ ವಿಜ್ಞಾನಿ ಹುಡುಕಿಕೊಂಡು ಹೋದಾಗ ಪಾಳು ಬಿದ್ದ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಗಿಡ ಮಾತ್ರ ಉಳಿದಿದ್ದವು. ಈಗ ಅಲ್ಲಿ ಮನೆಗಳ ಸಾಲು.

ಈ ಚರ್ಚಿಗೂ ಅದೇ ಗತಿ ಬರುವುದರಲ್ಲಿತ್ತು. 1972ರಲ್ಲಿ ಇದನ್ನು ಪೂಜೆಯಿಂದ ಬಿಡಿಸಿದರು. ಕೆಡವುವ ಯೋಜನೆಯೂ ತಯಾರಾಗಿತ್ತು. 1976ರಲ್ಲಿ ರೋಸ್‌ಮೇರಿ ನಿಕೋಲ್ಸನ್ ಎಂಬ ಹೆಣ್ಣುಮಗಳು ಟ್ರೆಡೆಸ್ಕಂಟ್ ಸಮಾಧಿ ನೋಡೋಣ ಅಂತ ಬಂದರು. ಚರ್ಚಿಗೆ ಹಲಗೆ ಬಡಿದು ಮುಚ್ಚಿದ್ದರು. ಅವರು ನೋಡಿ ಮರುಗಿ ಮನೆಗೆ ಹೋಗಿ ಸುಮ್ನೆ ಕೂರಲಿಲ್ಲ. ಗಂಡ ಜಾನ್ ಜೊತೆ ಸೇರಿ 1977ರಲ್ಲಿ ಟ್ರಸ್ಟ್ ಕಟ್ಟಿದರು, ಕಟ್ಟಡ ಉಳಿಸಿದರು, ತೋಟಗಾರಿಕೆಯ ಚರಿತ್ರೆಗೆಂದೇ ಒಂದು ಮ್ಯೂಸಿಯಂ ಶುರು ಮಾಡಿದರು. ಕಲ್ಲು ನಿಲ್ಲಿಸಿದ್ದು ಒಬ್ಬ ಹೆಣ್ಣುಮಗಳು, ಮುನ್ನೂರು ವರ್ಷದ ಮೇಲೆ ಅದರ ಸುತ್ತಲಿನ ಚರ್ಚನ್ನು ಉಳಿಸಿದ್ದೂ ಒಬ್ಬ ಹೆಣ್ಣುಮಗಳು. ಆಮೇಲೆ ದೊಡ್ಡ ದುರಸ್ತಿ ನಡೆದು 2017ರಲ್ಲಿ ಮ್ಯೂಸಿಯಂ ಮತ್ತೆ ತೆರೆಯಿತು. ಆ ಕೆಲಸದ ವೇಳೆ ನೆಲದಡಿಯಲ್ಲಿ ಒಂದು ನೆಲಮಾಳಿಗೆ ಸಿಕ್ಕಿತು. ಅದರಲ್ಲಿ ಸೀಸದ 30 ಶವಪೆಟ್ಟಿಗೆಗಳು, ಒಂದರ ಮೇಲೆ ಆರ್ಚ್‌ಬಿಷಪ್ಪರ ಕಿರೀಟ. ಹಳೆಯ ಕಟ್ಟಡವನ್ನು ಕೆಡವದೆ ಇಟ್ಟುಕೊಂಡಿದ್ದಕ್ಕೆ ಅದೂ ಬೆಳಕಿಗೆ ಬಂತು.

ಟ್ರೆಡೆಸ್ಕಂಟ್ ಸಮಾಧಿಯ ಹತ್ತಿರವೇ ಇನ್ನೊಂದಿದೆ. ವಿಲಿಯಂ ಬ್ಲೈ ಎಂಬ ಹಡಗಿನ ನಾಯಕನದ್ದು, 1817ರಲ್ಲಿ ತೀರಿಕೊಂಡವನು. 'ಬೌಂಟಿ' ಹಡಗಿನ ದಂಗೆ 1789ರಲ್ಲಿ ನಡೆದಿದ್ದು ಇವನ ಮೇಲೆ. ಆ ಹಡಗು ಟಹೀಟಿಯಿಂದ ಹೊತ್ತು ಹೊರಟಿದ್ದು ಜೀಗುಜ್ಜೆ ಸಸಿಗಳನ್ನು. ಹೌದು, ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಪೋಡಿ, ಪಲ್ಯ ಮಾಡುವ ಅದೇ ಜೀಗುಜ್ಜೆ. ಮಂಗಳೂರಿನವರು ಬಂದರೆ ಇದನ್ನು ಖಂಡಿತ ತೋರಿಸಿ.

ಆದರೆ ಆ ಸಸಿಗಳು ಹೊರಟಿದ್ದು ಯಾರಿಗಾಗಿ ಅನ್ನುವುದನ್ನೂ ಹೇಳಬೇಕು. ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದವರಿಗೆ ಕಡಿಮೆ ಖರ್ಚಿನಲ್ಲಿ ಊಟ ಹಾಕುವುದಕ್ಕಾಗಿ. ಟ್ರೆಡೆಸ್ಕಂಟರ ಸಂಗ್ರಹದಲ್ಲೂ ಇಂಥ ನೋವಿನ ಕಥೆ ಇರುವ ವಸ್ತುಗಳಿವೆ. ಜಿಂಕೆ ಚರ್ಮವನ್ನು ಹೊಲಿದು ಚಿಕ್ಕ ಚಿಪ್ಪುಗಳಿಂದ ಮನುಷ್ಯ ಮತ್ತು ಪ್ರಾಣಿಗಳ ಚಿತ್ರ ಮಾಡಿದ ಒಂದು ದೊಡ್ಡ ಹೊದಿಕೆ ಈಗ ಆಕ್ಸ್‌ಫರ್ಡ್‌ನಲ್ಲಿದೆ. ಅದನ್ನು ವರ್ಜೀನಿಯಾದ ಮೂಲನಿವಾಸಿಗಳ ನಾಯಕ ಪೊವ್‌ಹಾಟನ್ ಹೆಸರಿನಿಂದ ಕರೆಯುತ್ತಾರೆ. ಅದನ್ನು ಮಾಡಿದ ಜನರ ನೆಲ ಅವರ ಕೈತಪ್ಪಿ ಹೋಯಿತು, ಹೊದಿಕೆ ಮಾತ್ರ ಜೋಪಾನವಾಗಿ ಉಳಿಯಿತು. ಇಂಗ್ಲಿಷರ ಆಳ್ವಿಕೆ ಕಂಡ ನಾಡಿನಿಂದ ಬಂದವರು ನಾವು. ಈ ಅಂಗಳದಲ್ಲಿ ನಿಂತಾಗ ಮೆಚ್ಚುಗೆಯೂ ಇರಲಿ, ಇದಕ್ಕೆಲ್ಲ ಬೆಲೆ ತೆತ್ತವರು ಯಾರು ಅನ್ನುವ ಪ್ರಶ್ನೆಯೂ ಇರಲಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ. ಮಕ್ಕಳಿಗೆ ಎರಡನ್ನೂ ಹೇಳಿ.

ಬೆಂಗಳೂರಿನವರಿಗೆ ಈ ಕುಟುಂಬದ ಪರಿಚಯ ಆಗಲೇ ಇದೆ, ಹೆಸರು ಗೊತ್ತಿಲ್ಲ ಅಷ್ಟೇ. ಪಾರ್ಕುಗಳ ಅಂಚಿನಲ್ಲಿ, ಅಪಾರ್ಟ್‌ಮೆಂಟಿನ ಕುಂಡಗಳಲ್ಲಿ ಗಾಢ ನೇರಳೆ ಎಲೆಯ, ಮೂರೇ ಎಸಳಿನ, ಗುಲಾಬಿ ಬಣ್ಣದ ಪುಟ್ಟ ಹೂವಿನ ಗಿಡ ನೋಡಿರುತ್ತೀರಿ. ಕಡ್ಡಿ ಮುರಿದು ನೆಟ್ಟರೂ ಚಿಗುರುತ್ತದೆ. ಬೆಳ್ಳಿ ಪಟ್ಟೆ ಎಲೆಯ, ಬುಟ್ಟಿಯಿಂದ ಇಳಿಬಿದ್ದು ಬೆಳೆಯುವ ಇನ್ನೊಂದು ಬಗೆಯೂ ಇದೆ. ಇವೆಲ್ಲ ಟ್ರೆಡೆಸ್ಕಾಂಶಿಯಾ ಜಾತಿಯವು. ಈ ಅಪ್ಪ ಮಗನ ಹೆಸರನ್ನೇ ಆ ಜಾತಿಗೆ ಇಟ್ಟಿದ್ದಾರೆ. ಬಾಲ್ಕನಿಯಲ್ಲಿ ಆ ಗಿಡಕ್ಕೆ ನೀರು ಹಾಕುವ ನಿಮ್ಮ ಅತ್ತೆಯೋ ಚಿಕ್ಕಮ್ಮನೋ ಲಂಡನ್ನಿಗೆ ಬಂದರೆ, ಅವರು ಮೊದಲು ನೋಡಬೇಕಾದ ಜಾಗಗಳಲ್ಲಿ ಇದೂ ಒಂದು, ಅಲ್ವಾ?

ಕನ್ನಡ ಸಂಘಗಳವರಲ್ಲಿ ನನ್ನ ಕೋರಿಕೆ ಇದು. ಬಸವ ಜಯಂತಿಗೆ ಪ್ರತಿಮೆಯ ಹತ್ತಿರ ಸೇರುವಾಗ, ಮುಗಿದ ಮೇಲೆ ಬರಲು ಇಷ್ಟ ಇರುವವರನ್ನು ಜೊತೆಯಾಗಿ ಇಲ್ಲಿಗೆ ಕರೆದುಕೊಂಡು ಬನ್ನಿ. ಮ್ಯೂಸಿಯಂನವರ ಜೊತೆ ಮೊದಲೇ ಮಾತಾಡಿ. ತೆರೆದಿರುವ ಸಮಯ, ಟಿಕೆಟ್ ವಿಚಾರ ಕೇಳಿಕೊಳ್ಳಿ. ಕನ್ನಡದಲ್ಲಿ ಒಂದೇ ಹಾಳೆಯ ಪರಿಚಯ ಬರೆದು, ಅವರ ಒಪ್ಪಿಗೆ ಪಡೆದು ಅಲ್ಲಿ ಇಡೋಣ. ಆ ಹಾಳೆಯಲ್ಲಿ ಮೊದಲ ಹೆಸರು ಹೆಸ್ಟರ್‌ನದ್ದೇ ಇರಲಿ. ಬರೆಯುವ ಕೆಲಸಕ್ಕೆ ನಾನು ಸಿದ್ಧ. ಇಂಗ್ಲಿಷ್ ಬಾರದ ನಮ್ಮ ಹಿರಿಯರು ಕಲ್ಲಿನ ಮುಂದೆ ನಿಂತು ತಾವೇ ಓದಿಕೊಳ್ಳುವ ಹಾಗೆ ಆಗಬೇಕು.

ಟಿಕೆಟ್ ಕೊಂಡು ಹೋಗಿ. ಸಾಧ್ಯವಿದ್ದವರು ಹುಂಡಿಗೂ ಒಂದಷ್ಟು ಹಾಕಿ. 1853ರಲ್ಲಿ ಚಂದಾ ಕೊಟ್ಟವರು ಈ ಕಲ್ಲನ್ನು ನಮ್ಮ ಕಾಲದ ತನಕ ತಲುಪಿಸಿದ್ದಾರೆ. ಲ್ಯಾಂಬೆತ್ ನಮ್ಮ ಬಸವಣ್ಣನಿಗೆ ಜಾಗ ಕೊಟ್ಟ ಊರು. ಆ ಊರಿನ ಹಳೆಯ ಕಲ್ಲಿಗೆ ನಾವೂ ಒಂದು ಕೈ ಹಾಕಿದರೆ ಚೆನ್ನ.

ಅಲ್ಲಿ ಹೋದಾಗ ಒಂದಿಷ್ಟು ಎಚ್ಚರ ಬೇಕು. ನಮ್ಮ ಗುಡಿಗಳಲ್ಲಿ ಕೆತ್ತನೆ ಕಂಡರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ ನಮಗೆ. ಇಲ್ಲಿ ಮುಟ್ಟಬೇಡಿ. ಕೈಯ ಬೆವರು, ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ. ಮಕ್ಕಳನ್ನು ಮೇಲೆ ಕೂರಿಸಿ ಫೋಟೊ ತೆಗೆಯಬೇಡಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಚಿತ್ರ ಎತ್ತುವುದೂ ಬೇಡ, ಸಡಿಲವಾದ ಚಕ್ಕೆ ಅದರಿಂದಲೇ ಉದುರುತ್ತದೆ. ಬೇಕಾದರೆ ಮಕ್ಕಳ ಕೈಗೆ ಒಂದು ಚಿತ್ರದ ಪುಸ್ತಕ ಕೊಟ್ಟು ಎದುರಿಗೆ ಕೂರಿಸಿ, ಮೊಸಳೆಯನ್ನು ಬರೆಯಲು ಹೇಳಿ. ನಾಲ್ಕೂ ಮೈಯ ಫೋಟೊ ತೆಗೆದು, ದಿನಾಂಕ ಬರೆದು ಇಟ್ಟುಕೊಳ್ಳಿ.

ಮುಂದಿನ ಬಸವ ಜಯಂತಿಗೆ ಈ ಕೆಲಸಕ್ಕೆ ಸೇರುವವರು ನಿಮ್ಮ ನಿಮ್ಮ ಸಂಘದಲ್ಲಿ ಈಗಲೇ ಹೆಸರು ಕೊಡಿ.

ಇಂತಿ ನಿಮ್ಮವ,
ಲಂಡನ್ನಿನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ